ನಾಲ್ಕು ಡಬ್ಬಿಗೂ ಒಂದೇ ನೈಂಟಿ ಆಯಿಲ್ ಸಾಕಾಗುತ್ತದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. 2018ರ ಡಬಲ್ ಕ್ಯಾಬ್ ಡೀಸೆಲ್ ಪಿಕಪ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಫೋರ್ ಬೈ ಫೋರ್, ಮ್ಯಾನ್ಯುಯಲ್ ಗೇರ್, 84,000 ಕಿ.ಮೀ. ಓಡಿದೆ. ಎಂಜಿನ್ ಆಯಿಲ್ ಸಮಯಕ್ಕೆ ಸರಿಯಾಗಿ ಬದಲಿಸುತ್ತೇನೆ. ಮಳೆಗಾಲಕ್ಕೆ ಮುಂಚೆ ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವುದು), ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳಿಗೆ ಹಂಚುವುದು) ಈ ನಾಲ್ಕು ಡಬ್ಬಿಗೂ ಒಂದೇ ಕ್ಯಾನ್‌ನಿಂದ 90 ಆಯಿಲ್, ಅಂದರೆ ಗಟ್ಟಿ ಗೇರ್ ಎಣ್ಣೆ ಹಾಕಿದರು. ಅದಾದ ಮೇಲೆ ಬೆಳಗ್ಗೆ ಗಾಡಿ ತಣ್ಣಗಿರುವಾಗ ಎರಡನೇ ಗೇರ್ ಕರಕರ ಅನ್ನುತ್ತದೆ. ಬಿಸಿಯಾದರೆ ಸರಿಹೋಗುತ್ತದೆ. ಮಳೆಯಲ್ಲಿ ದಿನಾ ತೋಟದ ಹಳ್ಳ ದಾಟಿದ್ದೇನೆ, ನೀರು ಚಕ್ರದ ಅರ್ಧಕ್ಕೆ ಬರುತ್ತಿತ್ತು. ಈಗ ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಬೇಕು ಅಂತಿದ್ದಾರೆ. ಇಳಿಸಬೇಕಾ? ಯಾವುದಕ್ಕೆ ಯಾವ ಆಯಿಲ್, ಎಷ್ಟು ದಿನಕ್ಕೆ ಬದಲಿಸಬೇಕು, ನಾನೇ ಬದಲಿಸಬಹುದಾ? ಗಾಡಿಯ ಪುಸ್ತಕದಲ್ಲಿ ಆಯಿಲ್ ವಿವರ ಇರುವ ಪುಟದ ಫೋಟೊ ಜೊತೆಗಿದೆ.

ಉತ್ತರ: ಗೇರ್‌ಬಾಕ್ಸ್ ಈಗಲೇ ಇಳಿಸಬೇಡಿ. ನೀವು ಬರೆದ ಒಂದು ಮಾತು ನನಗೆ ಧೈರ್ಯ ಕೊಟ್ಟಿದೆ: "ಬಿಸಿಯಾದರೆ ಸರಿಹೋಗುತ್ತದೆ." ಗೇರ್ ಹಾಕುವಾಗ ವೇಗ ಹೊಂದಿಸುವ ಬಳೆ, ಅಂದರೆ ಸಿಂಕ್ರೊ ರಿಂಗ್, ನಿಜವಾಗಿ ಸವೆದಿದ್ದರೆ ಗಾಡಿ ಬಿಸಿಯಾದ ಮೇಲೂ ಕರಕರ ಇರುತ್ತದೆ, ಗೇರ್ ಬೇಗ ಹಾಕಿದರಂತೂ ಇನ್ನೂ ಜಾಸ್ತಿ. ತಣ್ಣಗಿದ್ದಾಗ ಮಾತ್ರ ಕಾಟ ಕೊಟ್ಟು, ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಸುಮ್ಮನಾಗುವ ಗೇರ್ ಬಹಳ ಸಲ ಆಯಿಲ್ ಕಡೆಗೇ ಬೆರಳು ತೋರಿಸುತ್ತದೆ. ಅದೂ ಆಯಿಲ್ ಬದಲಿಸಿದ ಮೇಲೆಯೇ ಶುರುವಾಗಿದೆ ಅಂದರೆ ಮೊದಲು ಆಯಿಲ್ ಸರಿ ಮಾಡಿ ನೋಡುವುದೇ ನ್ಯಾಯ.

ನೀವು ಕಳಿಸಿದ ಪುಟ ನೋಡಿದೆ. ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ 75ಡಬ್ಲ್ಯೂ-90. ಜಿಎಲ್ ಅನ್ನುವುದು ಗೇರ್ ಎಣ್ಣೆಯ ದರ್ಜೆ, 75ಡಬ್ಲ್ಯೂ-90 ಥರದ ನಂಬರ್ ಅದರ ಮಂದ. ಟ್ರಾನ್ಸ್‌ಫರ್ ಕೇಸ್‌ಗೆ ಡೆಕ್ಸ್ರಾನ್ ಎಟಿಎಫ್ ಅನ್ನುವ ತೆಳು ಎಣ್ಣೆ. ಎರಡು ಡಿಫರೆನ್ಷಿಯಲ್‌ಗೂ ಜಿಎಲ್-5 ದರ್ಜೆಯ 80ಡಬ್ಲ್ಯೂ-90. ನಾಲ್ಕು ಡಬ್ಬಿಗೆ ಮೂರು ಬಗೆಯ ಎಣ್ಣೆ. ನಿಮ್ಮ ಮೆಕ್ಯಾನಿಕ್ ಹಾಕಿದ್ದು ಡಿಫರೆನ್ಷಿಯಲ್‌ಗೆ ಸರಿಹೋಗುವ ಗಟ್ಟಿ ಜಿಎಲ್-5 ಇರಬೇಕು, ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಅದೇ. ಅಂದರೆ ಎರಡು ಡಬ್ಬಿಗೆ ಸರಿ, ಎರಡಕ್ಕೆ ತಪ್ಪು.

ಅವರನ್ನು ಬೈಯುವ ಮನಸ್ಸು ನನಗಿಲ್ಲ. ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಲೆನಾಡಿನಲ್ಲಿ ನಾವೆಲ್ಲ ಕೆಲಸ ಕಲಿತದ್ದು ಜೀಪಿನ ಅಡಿಯಲ್ಲಿ ಮಲಗಿ. ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸ್ ಒಳಗೆ ಬರೀ ಗೇರುಗಳು. ಚೈನ್ ಇಲ್ಲ, ಪಂಪ್ ಇಲ್ಲ. ಮೂರು ಗೇರಿನ ಗೇರ್‌ಬಾಕ್ಸ್‌ನಲ್ಲಿ ಮೊದಲನೇ ಗೇರಿಗೆ ಸಿಂಕ್ರೊವೇ ಇರಲಿಲ್ಲ. ಗೇರ್ ಸ್ವಲ್ಪ ಸದ್ದು ಮಾಡಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ಕ್ಯಾನ್ ನೈಂಟಿ ಆಯಿಲ್, ಒಂದು ಕೈಪಂಪ್ ಇದ್ದರೆ ಇಡೀ ಗಾಡಿ ಮುಗಿಯುತ್ತಿತ್ತು. ಆ ಮಾತು ಬಾಯಿಂದ ಬಾಯಿಗೆ ದಾಟಿ ಇವತ್ತಿನ ಪಿಕಪ್‌ವರೆಗೆ ಬಂದಿದೆ. ಗಾಡಿಯ ಹೊಟ್ಟೆಯೊಳಗೆ ಇರುವುದು ಮಾತ್ರ ಪೂರ್ತಿ ಬದಲಾಗಿದೆ. ಡಬ್ಬಿಯೊಳಗೆ ಏನಿದೆ ಅನ್ನುವುದು ಗೊತ್ತಾದರೆ ಎಣ್ಣೆ ಯಾವುದು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ಒಂದೊಂದರ ಒಳಗೂ ಇಣುಕೋಣ.

ಡಿಫರೆನ್ಷಿಯಲ್‌ನಿಂದ ಶುರು ಮಾಡುತ್ತೇನೆ. ನಾವು ಹೌಸಿಂಗ್ ಅನ್ನುತ್ತೇವಲ್ಲ, ಅದರೊಳಗೆ ಕ್ರೌನ್ ಅನ್ನುವ ದೊಡ್ಡ ಹಲ್ಲಿನ ಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ ಇವೆ. ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಬಂದು ಕೂರುವುದಿಲ್ಲ, ಒಂದು ಬದಿಗೆ ಸರಿದು ಕೂರುತ್ತದೆ. ಇದಕ್ಕೆ ಹೈಪಾಯ್ಡ್ ಗೇರ್ ಅಂತ ಹೆಸರು. 1920ರ ದಶಕದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಇದು ಬಂತು. ಹೀಗೆ ಸರಿಸಿದ್ದರಿಂದ ಡಿಫರೆನ್ಷಿಯಲ್‌ಗೆ ಶಕ್ತಿ ತರುವ ಉದ್ದ ಕಂಬಿ, ಪ್ರೊಪೆಲ್ಲರ್ ಶಾಫ್ಟ್, ಕೆಳಗಿಳಿಯಿತು, ಹಲ್ಲುಗಳಿಗೆ ಬಲವೂ ಬಂತು. ಆದರೆ ಹಲ್ಲು ಹಲ್ಲಿನ ಮೇಲೆ ಬರೀ ಉರುಳುವ ಬದಲು ಉಜ್ಜಿಕೊಂಡು ಜಾರಲು ಶುರುವಾಯಿತು. ತುಂಬಿದ ಗಾಡಿ ಏರಿ ಹತ್ತುವಾಗ ಆ ಹಲ್ಲುಗಳ ನಡುವಿನ ಒತ್ತಡಕ್ಕೆ ಬರೀ ಎಣ್ಣೆಯ ಪದರ ನಿಲ್ಲುವುದಿಲ್ಲ, ಹಿಂಡಿ ಹೊರಗೆ ಹೋಗುತ್ತದೆ. ಆಗ ಉಕ್ಕು ಉಕ್ಕನ್ನು ಮುಟ್ಟುತ್ತದೆ. ಅದನ್ನು ತಡೆಯಲು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಉಜ್ಜಿದ ಜಾಗದಲ್ಲಿ ಬಿಸಿ ಏರಿದಾಗ ಅವು ಉಕ್ಕಿನ ಜೊತೆ ಸೇರಿ ತೆಳುವಾದ ಜಾರುವ ಪೊರೆ ಕಟ್ಟುತ್ತವೆ. ಗೇರ್ ಆಯಿಲ್ ಕ್ಯಾನ್ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯುವ ಆ ಕೆಟ್ಟ ವಾಸನೆ ಗಂಧಕದ್ದೇ. ಜಿಎಲ್-5 ಅಂದರೆ ಈ ಬೆರಕೆ ಜಾಸ್ತಿ ಇರುವ ಎಣ್ಣೆ, ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು. ಹೈಪಾಯ್ಡ್ ಕ್ರೌನಿಗೆ ಜಿಎಲ್-5 ಬೇಕೇ ಬೇಕು. ಇಲ್ಲಿ ಜಿಎಲ್-4 ಹಾಕಿದರೆ ಹಲ್ಲು ಗೀರಿ ಹೋಗುತ್ತದೆ.

ಈಗ ಗೇರ್‌ಬಾಕ್ಸ್‌ಗೆ ಬನ್ನಿ. ಅಲ್ಲಿನ ಗೇರುಗಳಿಗೆ ಅಷ್ಟು ಒತ್ತಡ ಇಲ್ಲ. ಅಲ್ಲಿ ನಾಜೂಕಾದದ್ದು ಅಂದರೆ ಸಿಂಕ್ರೊ ರಿಂಗ್. ಸಾಮಾನ್ಯವಾಗಿ ಹಿತ್ತಾಳೆಯದು, ಒಳಗೆ ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ. ನೀವು ಲಿವರ್ ತಳ್ಳಿದಾಗ ಈ ರಿಂಗ್ ಹೋಗಿ ಗೇರಿನ ಕೋನ್ ಮೇಲೆ ಕೂತು ಉಜ್ಜುತ್ತದೆ. ಆ ಉಜ್ಜುವಿಕೆಯಿಂದ ಎರಡರ ವೇಗ ಒಂದಾಗುತ್ತದೆ, ಆಮೇಲೆ ಹಲ್ಲು ಸದ್ದಿಲ್ಲದೆ ಒಳಗೆ ಹೋಗುತ್ತದೆ. ಒಂದು ಪುಟಾಣಿ ಬ್ರೇಕ್ ಇದ್ದ ಹಾಗೆ ಅನ್ನಿ. ಬ್ರೇಕಿಗೆ ಎಣ್ಣೆ ಜಾರಬಾರದು, ಅಲ್ವಾ? ಜಿಎಲ್-5ರ ಪೊರೆ ಇರುವುದೇ ಜಾರಲು. ರಿಂಗ್ ಹಿಡಿಯುವ ಬದಲು ಜಾರುತ್ತದೆ, ವೇಗ ಒಂದಾಗುವ ಮೊದಲೇ ಹಲ್ಲು ಹಲ್ಲಿಗೆ ಹೊಡೆಯುತ್ತದೆ. ಅದೇ ನೀವು ಕೇಳುತ್ತಿರುವ ಕರಕರ.

ಇದರ ಜೊತೆಗೆ ಮಂದದ ಸಮಸ್ಯೆ ಬೇರೆ. ಬರೀ 90 ಅಂತ ಬರೆದಿರುವ ಎಣ್ಣೆ ಬಿಸಿಯಾದಾಗ ಸರಿಯಾಗಿಯೇ ಇರುತ್ತದೆ, ತಣ್ಣಗಿದ್ದಾಗ ಬೆಲ್ಲದ ಪಾಕದ ಹಾಗೆ. 75ಡಬ್ಲ್ಯೂ-90 ಅಂದರೆ ಬಿಸಿಯಲ್ಲಿ ಅದೇ 90ರ ಮಂದ, ಆದರೆ ಚಳಿಯಲ್ಲಿ ತುಂಬಾ ತೆಳು. ಸಿಂಕ್ರೊ ರಿಂಗ್ ಕೋನ್ ಮೇಲೆ ಕೂರುವ ಮೊದಲು ನಡುವಿನ ಎಣ್ಣೆಯನ್ನು ಆ ಸಣ್ಣ ಗೆರೆಗಳ ಮೂಲಕ ಹೊರಗೆ ತಳ್ಳಬೇಕು. ಪಾಕದಂಥ ಎಣ್ಣೆಯನ್ನು ಅದು ಬೇಗ ತಳ್ಳಲಾರದು. ಡಿಸೆಂಬರ್ ಬೆಳಗ್ಗೆ ಮಂಜಿನಲ್ಲಿ ನಿಂತ ಗಾಡಿಯಲ್ಲಿ ಎರಡನೇ ಗೇರಿಗೆ ಈ ಕಷ್ಟ ಎಲ್ಲಕ್ಕಿಂತ ಮೊದಲು ಬರುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗ ಸರಿದೂಗಿಸಬೇಕಾದ ವೇಗದ ಅಂತರ ದೊಡ್ಡದು.

ಜಿಎಲ್-5 ಹಿತ್ತಾಳೆಯನ್ನು ತಿಂದುಬಿಡುತ್ತದೆ ಅಂತಲೂ ನಿಮಗೆ ಯಾರಾದರೂ ಹೇಳಿ ಹೆದರಿಸಬಹುದು. ಗಂಧಕ ತಾಮ್ರ ಇರುವ ಲೋಹದ ಮೇಲೆ ಕೆಲಸ ಮಾಡುವುದು ನಿಜ. ಅದಕ್ಕೇ ಇಂಥ ಎಣ್ಣೆಗೆ ತಾಮ್ರದ ಪಟ್ಟಿ ಮುಳುಗಿಸಿ ನೋಡುವ ಪರೀಕ್ಷೆಯೇ ಇದೆ. ಈಗಿನ ಒಳ್ಳೆಯ ಎಣ್ಣೆಗಳು ಆ ಪರೀಕ್ಷೆ ದಾಟಿಯೇ ಬರುತ್ತವೆ. ಕೆಲವು ತಿಂಗಳಲ್ಲಿ ನಿಮ್ಮ ರಿಂಗ್ ಕರಗಿ ಹೋಗಿರುವುದಿಲ್ಲ. ಆದರೆ ದಿನಾ ಬೆಳಗ್ಗೆ ಕರಕರ ಅನ್ನಿಸುತ್ತಾ ಓಡಿಸಿದರೆ ಹಲ್ಲಿನ ತುದಿ ಸವೆಯುತ್ತದೆ. ಆದ್ದರಿಂದ ಬದಲಿಸುವವರೆಗೆ ಮೊದಲ ಎರಡು ಕಿಲೋಮೀಟರ್ ನಿಧಾನವಾಗಿ ಗೇರ್ ಹಾಕಿ. ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿಸಿ ಆಮೇಲೆ ಎರಡಕ್ಕೆ ಎಳೆಯಿರಿ.

ಅಂಗಡಿಯಲ್ಲಿ ಒಂದೇ ಬಾಟಲಿಯ ಮೇಲೆ ಜಿಎಲ್-4, ಜಿಎಲ್-5 ಎರಡೂ ಬರೆದಿರುವುದು ಸಿಗುತ್ತದೆ. ಟೊಯೊಟಾದ ಹಳೆಯ ಹೈಲಕ್ಸ್‌ನಂಥ ಗಾಡಿಗಳ ಪುಸ್ತಕದಲ್ಲಿ ಗೇರ್‌ಬಾಕ್ಸ್‌ಗೆ ಎರಡರಲ್ಲಿ ಯಾವುದಾದರೂ ಆಗುತ್ತದೆ ಅಂತಲೇ ಇತ್ತು. ಅದು ಆ ಗೇರ್‌ಬಾಕ್ಸಿಗೆ ಹೇಳಿದ ಮಾತು. ನಿಮ್ಮ ಪುಸ್ತಕ ಬರೀ ಜಿಎಲ್-4 ಅಂದಿದೆ, ನೀವು ಬರೀ ಜಿಎಲ್-4 ತನ್ನಿ. ಹಾಗೆಯೇ ಗೇರ್ ಆಯಿಲ್‌ನ ನಂಬರ್ ನೋಡಿ ಎಂಜಿನ್ ಆಯಿಲ್ ಜೊತೆ ಹೋಲಿಸಬೇಡಿ. ಎರಡಕ್ಕೂ ಅಳತೆಪಟ್ಟಿಯೇ ಬೇರೆ. ಗೇರ್ ಆಯಿಲ್‌ನ 90 ನಿಜವಾದ ಮಂದದಲ್ಲಿ ಎಂಜಿನ್ ಆಯಿಲ್‌ನ 40 ಅಥವಾ 50ರ ಆಸುಪಾಸು ಬರುತ್ತದೆ. ಇಸುಜು ಕಂಪನಿ ತನ್ನ ಹಳೆಯ ಟ್ರೂಪರ್ ಗಾಡಿಯ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ 5ಡಬ್ಲ್ಯೂ-30 ಎಂಜಿನ್ ಆಯಿಲನ್ನೇ ಹೇಳಿತ್ತು. ಮೊದಲ ಸಲ ಓದಿದಾಗ ಪುಸ್ತಕದಲ್ಲಿ ಅಚ್ಚಿನ ತಪ್ಪಾಗಿದೆ ಅಂತಲೇ ನಾನು ಅಂದುಕೊಂಡಿದ್ದೆ. ತಪ್ಪಲ್ಲ. ಆ ಗೇರ್‌ಬಾಕ್ಸ್ ಮಾಡಿದವರು ಅದಕ್ಕೆ ಅಂತಲೇ ಲೆಕ್ಕ ಹಾಕಿ ಮಾಡಿದ್ದರು. ಗಟ್ಟಿ ಎಣ್ಣೆ ಅಂದರೆ ಒಳ್ಳೆಯ ಎಣ್ಣೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ಅದನ್ನು ಬಿಡಬೇಕು.

ಮೂರನೆಯದು ಟ್ರಾನ್ಸ್‌ಫರ್ ಕೇಸ್. ನನಗೆ ನಿಮ್ಮ ಗಾಡಿಯಲ್ಲಿ ಎಲ್ಲಕ್ಕಿಂತ ಚಿಂತೆ ಇರುವುದು ಇದರದ್ದೇ, ಯಾಕೆಂದರೆ ಇದು ಸದ್ದು ಮಾಡಿ ಹೇಳುವುದಿಲ್ಲ. ಸ್ವಿಚ್ ತಿರುಗಿಸಿ ಫೋರ್ ಹೈ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವೇಗದ ಮತ್ತು ನಿಧಾನದ ಸ್ಥಾನ) ಹಾಕುವ ಬಹಳಷ್ಟು ಗಾಡಿಗಳಲ್ಲಿ ಮುಂದಿನ ಶಾಫ್ಟಿಗೆ ಶಕ್ತಿ ದಾಟಿಸುವುದು ಒಂದು ಅಗಲವಾದ ಚೈನ್. ಒಳಗೆ ಚಿಕ್ಕದೊಂದು ಆಯಿಲ್ ಪಂಪ್ ಇರುತ್ತದೆ. ಅದು ತಳದಿಂದ ಎಣ್ಣೆ ಹೀರಿ ಮೇಲಿನ ಬೇರಿಂಗ್, ಬುಶ್‌ಗಳಿಗೆ ಕಳಿಸುತ್ತದೆ. ಫೋರ್ಡ್ ಪಿಕಪ್‌ಗಳಲ್ಲಿ ಬರುತ್ತಿದ್ದ ಬೋರ್ಗ್‌ವಾರ್ನರ್ ಕೇಸ್‌ಗಳು ಇದೇ ಜಾತಿ, ಅವುಗಳಿಗೆ ಎಟಿಎಫ್ ಎಣ್ಣೆಯೇ. ತೆಳುವಾದ ಎಣ್ಣೆಗೆ ಅಂತ ಮಾಡಿದ ಪಂಪಿಗೆ ಗಟ್ಟಿ 90 ಕೊಟ್ಟರೆ ಚಳಿಯಲ್ಲಿ ಅದು ಸಾಕಷ್ಟು ಎಳೆಯಲಾರದು. ತಳದಲ್ಲಿ ಎಣ್ಣೆ ತುಂಬಿರುತ್ತದೆ, ಮೇಲಿನ ಬುಶ್ ಒಣಗುತ್ತದೆ. ಚೈನಿನ ಕೀಲುಗಳೊಳಗೂ ಎಣ್ಣೆ ಬೇಗ ಇಳಿಯುವುದಿಲ್ಲ.

ಎಟಿಎಫ್ ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಎಣ್ಣೆ. ಇದರಲ್ಲಿ ಮುಖ್ಯವಾದದ್ದು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಅನ್ನುವ ಹದ. ಆ ಹದಕ್ಕಾಗಿ ಒಂದು ಕಾಲದಲ್ಲಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ತಿಮಿಂಗಿಲದ ಎಣ್ಣೆ ನಿಷೇಧವಾದ ಮೇಲೆ ಕಂಪನಿಗಳು ಬೇರೆ ಬೆರಕೆ ಹುಡುಕಿದವು. ಆ ಪ್ರಾಣಿಯನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಇಷ್ಟು ಹೇಳಿದ್ದು ಯಾಕೆ ಅಂದರೆ, ಕೆಂಪಗಿರುವುದೆಲ್ಲ ಒಂದೇ ಎಟಿಎಫ್ ಅಲ್ಲ. ಬಣ್ಣ ಸುಮ್ಮನೆ ಗುರುತಿಗೆ ಹಾಕಿದ್ದು, ಪವರ್ ಸ್ಟೀರಿಂಗ್ ಎಣ್ಣೆಯೂ ಕೆಂಪಗೇ ಇರುತ್ತದೆ. ನಿಮ್ಮ ಪುಟದಲ್ಲಿ ಡೆಕ್ಸ್ರಾನ್ ಅಂತಿದೆ, ಎಣ್ಣೆಯ ಕ್ಯಾನ್ ಮೇಲೆ ಆ ಹೆಸರು ಇರಲಿ, ಅದರ ಮುಂದಿನ ನಂಬರ್ ಸಹ ಹೊಂದಲಿ.

ಇನ್ನು ಎಷ್ಟು ದಿನಕ್ಕೆ ಬದಲಿಸಬೇಕು ಅನ್ನುವ ಮಾತು. ಪುಸ್ತಕಗಳು ಕಿಲೋಮೀಟರ್ ಲೆಕ್ಕ ಕೊಡುತ್ತವೆ, ಹೆಚ್ಚಾಗಿ 40,000ದ ಆಸುಪಾಸು. ಭಾರ ಎಳೆಯುವ, ಮಣ್ಣು ನೀರಿನಲ್ಲಿ ಓಡುವ ಗಾಡಿಗೆ ಅದರ ಅರ್ಧ ಅಂತ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ತೋಟದ ಗಾಡಿ ವರ್ಷಕ್ಕೆ ಎಂಟು ಹತ್ತು ಸಾವಿರ ಕಿಲೋಮೀಟರ್ ಓಡಿದರೆ ಜಾಸ್ತಿ. ಆ ಲೆಕ್ಕ ಹಿಡಿದರೆ ನಾಲ್ಕೈದು ವರ್ಷ ಯಾರೂ ಪ್ಲಗ್ ಬಿಚ್ಚುವುದಿಲ್ಲ. ನಮ್ಮ ಕಡೆ ಲೆಕ್ಕ ಇಡಬೇಕಾದದ್ದು ಮಳೆಗಾಲಗಳನ್ನು. ಯಾಕೆ ಅಂತ ಹೇಳುತ್ತೇನೆ.

ಘಟ್ಟ ಹತ್ತಿ ಬಂದ ಗಾಡಿಯ ಹೌಸಿಂಗ್ ಮೇಲೆ ಕೈ ಇಡಲಾಗುವುದಿಲ್ಲ, ಅಷ್ಟು ಬಿಸಿ. ಒಳಗಿನ ಗಾಳಿಯೂ ಹಿಗ್ಗಿರುತ್ತದೆ. ಅದು ಹೊರಗೆ ಹೋಗಲಿ ಅಂತ ಮೇಲೊಂದು ಬ್ರೀದರ್ ಇರುತ್ತದೆ, ಹೆಬ್ಬೆರಳಿನ ತುದಿಯಷ್ಟು ದೊಡ್ಡ ಮುಚ್ಚಳ. ಈಗ ಆ ಬಿಸಿ ಹೌಸಿಂಗ್ ಹಳ್ಳದ ತಣ್ಣನೆಯ ನೀರಿಗೆ ಇಳಿಯುತ್ತದೆ. ಒಳಗಿನ ಗಾಳಿ ಒಂದೇ ಸಲ ಕುಗ್ಗಿ ಹೊರಗಿನಿಂದ ಏನಾದರೂ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ನೀರಿನ ಮೇಲಿದ್ದು ತೆರೆದಿದ್ದರೆ ಗಾಳಿ ಎಳೆದುಕೊಂಡು ಸುಮ್ಮನಾಗುತ್ತದೆ. ಬ್ರೀದರ್ ಮುಳುಗಿದ್ದರೆ ಅದರಿಂದಲೇ ನೀರು ಕುಡಿಯುತ್ತದೆ. ಕೆಸರು ಕಟ್ಟಿ ಮುಚ್ಚಿದ್ದರೆ ಆಯಿಲ್ ಸೀಲ್‌ಗಳ ತುಟಿಯಿಂದ ಎಳೆದುಕೊಳ್ಳುತ್ತದೆ. ಒಂದು ಸಲಕ್ಕೆ ಒಂದು ಚಮಚ ಹೋದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಎರಡು ಸಲ ದಾಟುವ ಗಾಡಿಗೆ ಲೆಕ್ಕ ಹಾಕಿ ನೋಡಿ.

ಕೆಲವು ವರ್ಷದ ಹಿಂದೆ ಒಂದು ಪಿಕಪ್ ನನ್ನ ಶೆಡ್ಡಿಗೆ ಬಂತು. ಅರವತ್ತರ ವೇಗದಲ್ಲಿ ಹಿಂದಿನಿಂದ ಸಣ್ಣ ಊಳು. ಸಂಜೆ ಬಂದದ್ದನ್ನು ಬೆಳಗಿನವರೆಗೆ ಹಾಗೇ ನಿಲ್ಲಿಸಿದೆ. ನೀರು ಎಣ್ಣೆಗಿಂತ ಭಾರ, ರಾತ್ರಿಯೆಲ್ಲ ನಿಂತರೆ ಬೇರೆಯಾಗಿರುವ ನೀರು ತಳ ಸೇರುತ್ತದೆ. ಬೆಳಗ್ಗೆ ಎಣ್ಣೆ ಇಳಿಸುವ ತಳದ ಬಿರಡೆಯನ್ನು, ಅಂದರೆ ಡ್ರೈನ್ ಪ್ಲಗ್, ಪೂರ್ತಿ ಬಿಚ್ಚದೆ ಬರೀ ಸಡಿಲ ಮಾಡಿದೆ. ಮೊದಲು ಬಂದದ್ದು ಎಣ್ಣೆಯೇ ಅಲ್ಲ, ಸ್ವಚ್ಛ ನೀರು, ಸುಮಾರು ಅರ್ಧ ಲೋಟ. ಅದರ ಹಿಂದೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಲೋಳೆ. ಪಿನಿಯನ್ ಬೇರಿಂಗ್ ತೆಗೆದಾಗ ರೋಲರ್‌ಗಳ ಮೇಲೆ ಸಾಲಾಗಿ ಸಣ್ಣ ತುಕ್ಕಿನ ಗುಂಡಿಗಳು. ಗಾಡಿ ನಿಂತಾಗ ನೀರು ಕೂತಿದ್ದ ಜಾಗ ಅದು. ಆ ಗಾಡಿಯ ಮಾಲೀಕರು ಕಿಲೋಮೀಟರ್ ಲೆಕ್ಕದಲ್ಲಿ ಒಂದು ತಪ್ಪೂ ಮಾಡಿರಲಿಲ್ಲ. ಆಯಿಲ್ ಬದಲಿಸಿ ಬರೀ 11,000 ಕಿ.ಮೀ. ಆಗಿತ್ತು. ನಡುವೆ ಒಂದು ಮಳೆಗಾಲ ಹೋಗಿತ್ತು, ಅಷ್ಟೇ.

ಆದ್ದರಿಂದ ನಿಮಗೆ ನನ್ನ ಸಲಹೆ ಇದು. ಪ್ರತಿ ವರ್ಷ ಮಳೆ ನಿಂತ ಮೇಲೆ, ಅರೇಬಿಕಾ ಕೊಯ್ಲು ಶುರುವಾಗುವ ಮೊದಲು, ನಾಲ್ಕೂ ಡಬ್ಬಿಯ ಎಣ್ಣೆ ನೋಡಿ. ಎಣ್ಣೆ ತುಂಬುವ ತೂತಿನ ಫಿಲ್ ಪ್ಲಗ್ ಬಿಚ್ಚಿ ಬೆರಳು ಅದ್ದಿದರೂ ಸಾಕು. ಬಣ್ಣ ಮಬ್ಬಾಗಿದ್ದರೆ, ಹಾಲು ಬೆರೆತ ಹಾಗಿದ್ದರೆ ಅವತ್ತೇ ಬದಲಿಸಿ, ಕಿಲೋಮೀಟರ್ ಕೇಳಬೇಡಿ. ಚೆನ್ನಾಗಿದ್ದರೆ ಡಿಫರೆನ್ಷಿಯಲ್ ಎರಡನ್ನೂ ಎರಡು ವರ್ಷಕ್ಕೊಮ್ಮೆ, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸನ್ನು ಪುಸ್ತಕದ ಲೆಕ್ಕದ ಅರ್ಧಕ್ಕೆ ಬದಲಿಸಿ. ಆಗಸ್ಟ್‌ನಲ್ಲಿ ನಡುವೆ ಒಂದು ಸಲ ಹಿಂದಿನ ಹೌಸಿಂಗ್ ನೋಡಿದರೆ ಇನ್ನೂ ಒಳ್ಳೆಯದು. ಬ್ರೀದರ್ ಕೈಯಲ್ಲಿ ತಿರುಗಿಸಿ, ಒತ್ತಿ, ಕೆಸರು ತೆಗೆದು ನೋಡಿ. ಅದಕ್ಕೆ ಒಂದು ರಬ್ಬರ್ ಪೈಪ್ ಜೋಡಿಸಿ ಲೋಡ್ ಬಾಡಿಯ ಎತ್ತರಕ್ಕೆ ಒಯ್ದು ಕಟ್ಟಿದರೆ ನಿಮ್ಮ ಹಳ್ಳದ ಸಮಸ್ಯೆ ಬಹುಪಾಲು ಮುಗಿಯಿತು. ಇಷ್ಟು ಅಗ್ಗದ ಕೆಲಸಕ್ಕೆ ಇಷ್ಟು ದೊಡ್ಡ ಲಾಭ ಗಾಡಿಯಲ್ಲಿ ಬೇರೆ ಎಲ್ಲೂ ಇಲ್ಲ. ಹಳ್ಳಕ್ಕೆ ಇಳಿಯುವ ಮುಂಚೆ ಐದು ನಿಮಿಷ ಗಾಡಿ ನಿಲ್ಲಿಸಿದರೂ ಹೌಸಿಂಗ್ ಸ್ವಲ್ಪ ತಣಿಯುತ್ತದೆ.

ಈಗ ಕೈಯಾರೆ ಮಾಡುವುದು. ಖಂಡಿತ ಮಾಡಬಹುದು. ಪಿಕಪ್ ಎತ್ತರ ಇರುವುದರಿಂದ ಜ್ಯಾಕ್ ಹಾಕುವ ಅಗತ್ಯವೇ ಇಲ್ಲ. ಜ್ಯಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾವತ್ತೂ ಹೋಗಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ಕಾಫಿ ಒಣಗಿಸುವ ಕಣ ಇದೆಯಲ್ಲ, ಅಷ್ಟು ಸಮತಟ್ಟಾದ ಜಾಗ ಬೇರೆ ಬೇಕಿಲ್ಲ. ಕೆಳಗೆ ಟಾರ್ಪಾಲು ಹಾಸಿಕೊಳ್ಳಿ, ಚಕ್ರಕ್ಕೆ ಕಲ್ಲು ಕೊಡಿ. ಅದಕ್ಕೂ ಮುಂಚೆ ಹತ್ತು ನಿಮಿಷ ಓಡಿಸಿ ಎಣ್ಣೆ ಬೆಚ್ಚಗೆ ಮಾಡಿಕೊಳ್ಳಿ. ಬೆಚ್ಚಗಿದ್ದರೆ ಕಸದ ಸಮೇತ ಹರಿದು ಬರುತ್ತದೆ.

ಮೊದಲು ಬಿಚ್ಚಬೇಕಾದದ್ದು ಫಿಲ್ ಪ್ಲಗ್, ಅಂದರೆ ಮೇಲಿನದು. ಡ್ರೈನ್ ಪ್ಲಗ್ ಅಲ್ಲ. ಇದನ್ನು ನಾನು ಪ್ರತಿ ಹುಡುಗನಿಗೂ ಮೊದಲ ದಿನವೇ ಹೇಳುತ್ತೇನೆ. ಕೆಳಗಿನದನ್ನು ಬಿಚ್ಚಿ ಎಣ್ಣೆ ಎಲ್ಲ ಸುರಿದು ಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಬರುವುದಿಲ್ಲ ಅಂತ ಗೊತ್ತಾದರೆ ಗಾಡಿ ಕಣದಲ್ಲೇ ಉಳಿಯಿತು. ಪ್ಲಗ್ ಸುತ್ತ ತಂತಿ ಬ್ರಶ್‌ನಲ್ಲಿ ಕೆಸರು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಮಣ್ಣು ಒಳಗೆ. ಸರಿಯಾದ ಸಾಕೆಟ್ ಬಳಸಿ. ಸ್ಪ್ಯಾನರ್‌ನಲ್ಲಿ ಸುತ್ತಿಗೆ ಹೊಡೆದರೆ ಮೂಲೆ ಉರುಟಾಗುತ್ತದೆ. ಕೆಲವು ಗಾಡಿಗಳಲ್ಲಿ 10 ಮಿ.ಮೀ. ಆಲೆನ್ ಕೀ ಬೇಕಾಗುತ್ತದೆ, ಅದನ್ನು ಪೂರ್ತಿ ಒಳಗೆ ತಟ್ಟಿ ಕೂರಿಸಿ ಆಮೇಲೆ ತಿರುಗಿಸಿ.

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಪಕ್ಕದಲ್ಲಿ ಪ್ಲಗ್ ಹಾಗೆ ಕಾಣುವ ಬೇರೆ ಬೋಲ್ಟ್‌ಗಳೂ ಇರುತ್ತವೆ. ಅವುಗಳ ಹಿಂದೆ ಗೇರ್ ಹಿಡಿದು ನಿಲ್ಲಿಸುವ ಸ್ಪ್ರಿಂಗ್ ಮತ್ತು ಗುಂಡು ಕೂತಿರುತ್ತದೆ. ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಹಾರಿ ಹುಲ್ಲಿನಲ್ಲಿ ಹೋಗುತ್ತದೆ. ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟುಕೊಂಡೇ ಕೈ ಹಾಕಿ.

ಹೊರಬಂದ ಹಳೆಯ ಎಣ್ಣೆಯನ್ನು ಅಳೆಯಿರಿ. ಪುಸ್ತಕದಲ್ಲಿ ಎರಡೂವರೆ ಲೀಟರ್ ಅಂತಿದ್ದು ಒಂದೂಮುಕ್ಕಾಲು ಬಂದರೆ ಎಲ್ಲೋ ಸೋರಿದೆ, ಇಲ್ಲವೇ ಹಿಂದಿನವರು ಕಡಿಮೆ ಹಾಕಿದ್ದಾರೆ. ಗೇರ್‌ಬಾಕ್ಸಿನಲ್ಲಿ ಕಡಿಮೆಯಾಗಿ ಟ್ರಾನ್ಸ್‌ಫರ್ ಕೇಸಿನಲ್ಲಿ ಜಾಸ್ತಿ ಬಂದರೆ ಎರಡರ ನಡುವಿನ ಸೀಲ್ ಹೋಗಿದೆ ಅಂತ ಅರ್ಥ. ಪ್ಲಗ್‌ನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ್ದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ಕಾಡಿಗೆಯ ಹಾಗೆ ನುಣ್ಣಗಿದ್ದರೆ ಅದು ಸಹಜ ಸವೆತ. ಮರಳಿನ ಹಾಗೆ ಚುಚ್ಚಿದರೆ, ಸೂಜಿಯಂಥ ಚೂರು ಅಥವಾ ಹಲ್ಲಿನ ತುಂಡು ಕಂಡರೆ ಅಲ್ಲಿಗೆ ನಿಲ್ಲಿಸಿ ನುರಿತವರನ್ನು ಕರೆಯಿರಿ. ಗೇರ್‌ಬಾಕ್ಸ್ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿಯಂತೆ ಮಿನುಗಿದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ. ಸ್ವಲ್ಪ ಇರುವುದು ಸಾಮಾನ್ಯ. ತುಂಬಾ ಇದ್ದರೆ ಇಳಿಸಬೇಕು ಅನ್ನುವ ಮಾತಿಗೆ ಬಲ ಬರುತ್ತದೆ.

ಡ್ರೈನ್ ಪ್ಲಗ್‌ಗೆ ಹೊಸ ವಾಷರ್ ಹಾಕಿ. ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಒಂದು ಸಲ ಒತ್ತಿದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಬಿಗಿ ಮಾಡುವಾಗ ಮೈಮೇಲೆ ಬಂದವರ ಹಾಗೆ ಎಳೆಯಬೇಡಿ. ಈ ಪ್ಲಗ್‌ಗಳಿಗೆ ಹೆಚ್ಚಾಗಿ 40ರಿಂದ 50 ನ್ಯೂಟನ್ ಮೀಟರ್ ಸಾಕು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಮೈ ಅಲ್ಯೂಮಿನಿಯಂ, ಪ್ಲಗ್ ಕೂರುವ ತಿರುಪಿನ ಮರೆ (ಥ್ರೆಡ್) ಬೇಗ ಹೋಗುತ್ತದೆ. ತುಂಬಲು ಕೈಪಂಪ್ ಮತ್ತು ಒಂದು ಮೀಟರ್ ಪೈಪ್ ಸಾಕು. ಚಳಿಯಲ್ಲಿ ಗೇರ್ ಆಯಿಲ್ ಪಂಪ್ ಆಗದಿದ್ದರೆ ಕ್ಯಾನನ್ನು ಹತ್ತು ನಿಮಿಷ ಸ್ನಾನದ ಬಿಸಿನೀರಿನಲ್ಲಿ ಇಡಿ. ಹೆಚ್ಚಿನ ಗಾಡಿಗಳಲ್ಲಿ ಎಣ್ಣೆ ಫಿಲ್ ತೂತಿನ ಕೆಳ ಅಂಚಿಗೆ ಬಂದು ತೊಟ್ಟಿಕ್ಕಲು ಶುರುವಾದರೆ ಅಳತೆ ಸರಿ. ಎರಡು ನಿಮಿಷ ಬಿಟ್ಟು ಮತ್ತೆ ಸ್ವಲ್ಪ ಹಾಕಿ ನೋಡಿ, ಒಳಗಿನ ಮೂಲೆಗಳಿಗೆ ಇಳಿಯಲು ಸಮಯ ಬೇಕು.

ನಿಮ್ಮ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸನ್ನು ಎರಡು ಸಲ ಬದಲಿಸಿ. ಈಗ ಒಂದು ಸಲ ಎಟಿಎಫ್ ಹಾಕಿ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ, ಅದನ್ನು ತೆಗೆದು ಮತ್ತೆ ಹೊಸದು ಹಾಕಿ. ಚೈನ್ ಮತ್ತು ಮೂಲೆಗಳಲ್ಲಿ ಅಂಟಿದ ಗಟ್ಟಿ ಎಣ್ಣೆ ಮೊದಲ ಸಲಕ್ಕೆ ಪೂರ್ತಿ ಬರುವುದಿಲ್ಲ. ಆ ಓಡಾಟದಲ್ಲಿ ತೋಟದ ಮಣ್ಣು ದಾರಿಯಲ್ಲಿ ಫೋರ್ ಹೈ ಹಾಕಿ ಸ್ವಲ್ಪ ದೂರ ಓಡಿಸಿ. ಟಾರ್ ರಸ್ತೆಯಲ್ಲಿ ಬೇಡ. ನಡುವೆ ಡಿಫರೆನ್ಷಿಯಲ್ ಇಲ್ಲದ ಫೋರ್ ವೀಲ್‌ನಲ್ಲಿ ಒಣ ರಸ್ತೆಯ ತಿರುವು ತಿರುಗಿಸಿದರೆ ಚೈನ್, ಗೇರ್ ಎಲ್ಲ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹೀಗೆ ಮಾಡಿ. ಟೊಯೊಟಾ ತನ್ನ ಪಿಕಪ್‌ಗಳ ಪುಸ್ತಕದಲ್ಲಿ ತಿಂಗಳಿಗೆ 16 ಕಿ.ಮೀ. ಆದರೂ ಫೋರ್ ವೀಲ್‌ನಲ್ಲಿ ಓಡಿಸಿ ಅಂದಿದೆ. ಮುಂದಿನ ಭಾಗಗಳ ಮೇಲೆ ಎಣ್ಣೆ ಹರಡಲಿ ಅಂತ. ಮುಂದಿನ ಡಿಫರೆನ್ಷಿಯಲ್ ಯಾವಾಗಲೂ ಮರೆತುಹೋಗುವ ಮಗು. ಕೆಲಸ ಕಡಿಮೆ ಅಂತ ಯಾರೂ ನೋಡುವುದಿಲ್ಲ, ಆದರೆ ಹಳ್ಳದ ನೀರು ಮೊದಲು ಬಡಿಯುವುದು ಅದಕ್ಕೇ.

ಹಿಂದಿನ ಡಿಫರೆನ್ಷಿಯಲ್ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಬಗೆ) ಹೌದೋ ಅಲ್ಲವೋ ಪುಸ್ತಕದಲ್ಲಿ ನೋಡಿಕೊಳ್ಳಿ. ಅಂಥದ್ದಾದರೆ ಒಳಗೆ ಕ್ಲಚ್ ತಟ್ಟೆಗಳಿರುತ್ತವೆ, ಅದಕ್ಕೆ ಅಂತಲೇ ಬೆರಕೆ ಹಾಕಿದ ಎಲ್‌ಎಸ್ ಎಣ್ಣೆ ಬೇಕು. ಸಾದಾ ಜಿಎಲ್-5 ಹಾಕಿದರೆ ನಿಧಾನವಾಗಿ ತಿರುಗಿಸುವಾಗ ಹಿಂದೆ ಗಡಗಡ ಅದುರುತ್ತದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವವರು ಇದನ್ನು ಓದಿ ತಾವೇ ಕೈ ಹಾಕಬೇಡಿ. ಅದರಲ್ಲಿ ಅಳತೆ ನೋಡುವುದು ಎಣ್ಣೆ ಇಂತಿಷ್ಟೇ ಬಿಸಿ ಇದ್ದಾಗ, ಎಂಜಿನ್ ಓಡುತ್ತಿರುವಾಗ. ಒಂದು ಸಲ ಡ್ರೈನ್ ಮಾಡಿದರೆ ಅರ್ಧ ಎಣ್ಣೆಯೂ ಬರುವುದಿಲ್ಲ, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೇ ಇರುತ್ತದೆ. ಜೀವಮಾನವಿಡೀ ಬದಲಿಸಬೇಕಿಲ್ಲ ಅನ್ನುವ ಮಾತನ್ನು ಭಾರ ಎಳೆಯುವ ಪಿಕಪ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಅಡಿಗೆ ಹೋದವರು ಪ್ರೊಪೆಲ್ಲರ್ ಶಾಫ್ಟ್‌ನ ತುದಿಯ ಬಾಗುವ ಕೀಲುಗಳಾದ ಕ್ರಾಸ್‌ಗಳಿಗೆ, ಜಾರುವ ಜೋಡಣೆಗೆ ಗ್ರೀಸ್ ಗನ್ ಹಚ್ಚಿಯೇ ಹೊರಬನ್ನಿ. ಹಳೆಯ ಗ್ರೀಸ್ ಜೊತೆ ಕಂದು ನೀರು ಹೊರಗೆ ಬರುವುದನ್ನು ನೋಡಿದರೆ ನಿಮಗೇ ಅರ್ಥವಾಗುತ್ತದೆ.

ಹಳೆಯ ಎಣ್ಣೆಯನ್ನು ಬೇಲಿ ಕಂಬಕ್ಕೆ ಗೆದ್ದಲು ಹತ್ತದ ಹಾಗೆ ಬಳಿಯುವುದು, ಗಿಡದ ಬುಡದಿಂದ ದೂರ ಅಂತ ಹಳ್ಳದ ಪಕ್ಕ ಸುರಿಯುವುದು ಎರಡೂ ನಮ್ಮಲ್ಲಿ ರೂಢಿ. ದಯವಿಟ್ಟು ಬೇಡ. ಅದು ಮಳೆಗೆ ಕೊಚ್ಚಿಕೊಂಡು ನೀವೇ ದಾಟುವ ಹಳ್ಳಕ್ಕೆ, ಅಲ್ಲಿಂದ ಹೇಮಾವತಿಗೆ ಸೇರುತ್ತದೆ. ಖಾಲಿ ಕ್ಯಾನ್‌ಗೆ ತುಂಬಿ, ಮುಚ್ಚಿ, ಹಳೆ ಆಯಿಲ್ ತಗೊಂಡು ಶುದ್ಧೀಕರಣಕ್ಕೆ ಕಳಿಸುವ ದೊಡ್ಡ ಸರ್ವಿಸ್ ಸೆಂಟರ್‌ಗೆ ಕೊಡಿ.

ಗೇರ್‌ಬಾಕ್ಸ್‌ಗೆ 75ಡಬ್ಲ್ಯೂ-90 ಜಿಎಲ್-4 ಹಾಕಿದ ಮೇಲೆ ಐನೂರು ಕಿಲೋಮೀಟರ್ ಸಮಯ ಕೊಡಿ. ರಿಂಗ್ ಮೇಲಿನ ಹಳೆಯ ಪೊರೆ ಒಂದೇ ದಿನಕ್ಕೆ ಹೋಗುವುದಿಲ್ಲ. ಒಂದು ವಾರದಲ್ಲಿ ಬೆಳಗಿನ ಕರಕರ ಕಡಿಮೆಯಾಗಬೇಕು. ಆಗದಿದ್ದರೆ ಇಳಿಸುವ ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯಾ ನೋಡಿಸಿ. ಗಾಡಿ ನಿಂತಿರುವಾಗ ಕ್ಲಚ್ ಒತ್ತಿ ಮೂರು ಎಣಿಸಿ ರಿವರ್ಸ್ ಹಾಕಿ. ಆಗಲೂ ಸದ್ದು ಬಂದರೆ ತಪ್ಪು ಕ್ಲಚ್‌ನದ್ದು. ಅದೂ ಸರಿಯಿದ್ದು ಎರಡನೇ ಗೇರ್ ಮಾತ್ರ ಬಿಸಿಯಲ್ಲೂ ಹಟ ಮಾಡಿದರೆ ಆಗ ಗೇರ್‌ಬಾಕ್ಸ್ ಇಳಿಸೋಣ. ಅದಕ್ಕೂ ಮೊದಲು ಗೇರ್‌ಬಾಕ್ಸಿನ ಡ್ರೈನ್ ಪ್ಲಗ್‌ನ ಅಯಸ್ಕಾಂತದ್ದು ಒಂದು, ಗಾಜಿನ ಲೋಟದಲ್ಲಿ ಹಿಡಿದ ಹಳೆಯ ಎಣ್ಣೆಯದ್ದು ಒಂದು ಫೋಟೊ ಬಿಸಿಲಿನಲ್ಲಿ ತೆಗೆದು ಕಳಿಸಿ.